ಮಾಘ ಬಂತು, ಗ್ರಾವಿಟಿ ನೀರು ಬಿಟ್ಟು ಬಿಟ್ಟು ಬರ್ತಿದೆ: ಒರತೆ ಬತ್ತಿತಾ, ಪೈಪಿನ ತೊಂದರೆಯಾ?

ಘಟ್ಟದಂಚು

ಹೊಸನಗರ ತಾಲೂಕು, ಕೊಡಚಾದ್ರಿ ಕಡೆಯ ಒಂಟಿ ಮನೆ. ಬಸ್ ನಿಲ್ಲುವ ಜಾಗದಿಂದ 4 ಕಿ.ಮೀ. ಕಾಡುದಾರಿ, ಜೀಪು ಬಿಟ್ಟರೆ ಬೇರೇನೂ ಹತ್ತಲ್ಲ. ಬಾವಿ ಇಲ್ಲ, ಬೋರು ಇಲ್ಲ. ಮನೆಗೂ ಕೊಟ್ಟಿಗೆಗೂ ಗುಡ್ಡದ ಮೇಲಿನ ಒರತೆಯಿಂದ ಪಂಪಿಲ್ಲದೆ ಪೈಪಿನಲ್ಲಿ ತಾನೇ ಇಳಿದು ಬರುವ ನೀರೇ ಗತಿ. ಐದು ಜನ, ಮೂರು ಜರ್ಸಿ ಮಿಶ್ರ ಹಸು, ಎರಡು ಮಲೆನಾಡು ಗಿಡ್ಡ.

ಲೈನು ಹೀಗಿದೆ: 32 ಎಂ.ಎಂ. ಕರಿ ಪೈಪು (ಅಂಗಡಿಯವರು ಒಂದಿಂಚು ಅಂತ ಕೊಡೋದು), ಉದ್ದ ಸುಮಾರು 600 ಮೀಟರ್. ಒರತೆಗೂ ಮನೆಯ ಟ್ಯಾಂಕಿಗೂ ಎತ್ತರದ ವ್ಯತ್ಯಾಸ 45 ಮೀಟರ್. ನಡುವೆ ಎರಡು ಕಡೆ ದಿಬ್ಬ ಹತ್ತಿ ಇಳಿಯುತ್ತೆ. ಟ್ಯಾಂಕು 1000 ಲೀಟರಿನದು, ಪೈಪಿನ ಬಾಯಿ ಅದರ ಮೇಲೆ ಸುಮ್ಮನೆ ತೆರೆದಿದೆ, ವಾಲು ಇಲ್ಲ.

ಸಂಕ್ರಾಂತಿ ತನಕ ದಪ್ಪ ಧಾರೆ ಇತ್ತು. ಈಗ ಬೆಳಿಗ್ಗೆ ಸರಿಯಾಗಿ ಬಂದು, ಹನ್ನೊಂದು ಗಂಟೆ ಮೇಲೆ ಬುಸ್ ಅಂತ ಗಾಳಿ, ಒಂದು ಚೊಂಬು ನೀರು, ಮತ್ತೆ ಗಾಳಿ. ಮಧ್ಯಾಹ್ನದ ಮೇಲೆ ಪೂರ್ತಿ ನಿಲ್ಲುತ್ತೆ. ಮೇಲೆ ಹತ್ತಿ ಪೈಪಿನ ಬಾಯಿ ಎತ್ತಿ ಮತ್ತೆ ಮುಳುಗಿಸಿದರೆ ಅರ್ಧ ದಿನ ನಡೆಯುತ್ತೆ. ಒಂದೂವರೆ ಇಂಚಿನ ಪೈಪು ಹಾಕ್ಸಿ ಅಂತಾರೆ ಒಬ್ಬರು, ಒರತೆಯನ್ನೇ ಅಗೆಸಿ ದೊಡ್ಡದು ಮಾಡ್ಸಿ ಅಂತಾರೆ ಇನ್ನೊಬ್ಬರು. ಯಾವುದು ಮಾಡೋದು?

ಇನ್ನೆರಡು ಸಣ್ಣ ಪ್ರಶ್ನೆ. 2 ಘನ ಮೀಟರಿನ ದೀನಬಂಧು (ಗುಮ್ಮಟದ ಮಾದರಿ) ಗೋಬರ್ ಗ್ಯಾಸ್ ಇದೆ, ಬೆಳಿಗ್ಗೆ ಉರಿ ಸಣ್ಣ, ಹಾರಿ ಹಾರಿ ಉರಿಯುತ್ತೆ. ಮತ್ತೆ, ಈಗ ದರಗು (ಒಣ ಎಲೆ) ಉದುರುವ ಕಾಲ, ಕೊಟ್ಟಿಗೆಗೆ ಕಾಡಿನ ದರಗು ತರಬಹುದಾ, ಮಂಗನ ಕಾಯಿಲೆ ಭಯ ಇರುವಾಗ?

ದಂಬೆನೀರು

ಒರತೆ ಬತ್ತಿಲ್ಲ. ಒರತೆ ಕೊಡೋದಕ್ಕಿಂತ ಹೆಚ್ಚು ನೀರನ್ನ ಪೈಪು ಎಳೀತಿದೆ. ನೀವು ಬರೆದ ಲಕ್ಷಣ ಒಂದೊಂದೂ ಅದನ್ನೇ ಹೇಳುತ್ತೆ.

ನಿಮ್ಮ ಅಳತೆಯ ಲೈನು ಕೆಳಗೆ ಪೂರ್ತಿ ತೆರೆದಿದ್ದರೆ ನಿಮಿಷಕ್ಕೆ ಹತ್ತಿರಹತ್ತಿರ 40 ಲೀಟರ್ ಎಳೆಯುತ್ತೆ. ಮಳೆಗಾಲ ಮುಗಿದ ಹೊಸದರಲ್ಲಿ ಒರತೆ ಅಷ್ಟನ್ನೂ ಕೊಟ್ಟು ಮಿಗಿಸುತ್ತೆ. ಮಾಘದಲ್ಲಿ ಅದು 8ಕ್ಕೋ 10ಕ್ಕೋ ಇಳಿದಿರುತ್ತೆ. ಆಗ ಪೈಪು ಗುಂಡಿಯನ್ನ ಹೀರಿ ಖಾಲಿ ಮಾಡಿ, ಬಾಯಿ ಬಯಲಾಗಿ, ಗಾಳಿ ಎಳೆದುಕೊಳ್ಳುತ್ತೆ. ಮಧ್ಯಾಹ್ನ ಮೇಲೆ ಹೋಗಿ ಪೈಪಿನ ಬಾಯಿ ನೋಡಿ: ನೀರಿನ ಮೇಲೆ ಹೆಬ್ಬೆರಳಿನಷ್ಟು ಸುಳಿ ತಿರುಗ್ತಾ ಇರುತ್ತೆ, ಕೊರ್ ಕೊರ್ ಸದ್ದು ಬರ್ತಿರುತ್ತೆ. ಆ ಸುಳಿಯಲ್ಲಿ ಹೋದ ಗಾಳಿಯೇ ನಿಮ್ಮ ದಿಬ್ಬದ ನೆತ್ತಿಯಲ್ಲಿ ಕೂತು ನೀರು ತಡೆಯೋದು. ಬೆಳಿಗ್ಗೆ ಸರಿಯಾಗಿ ಬಂದು ಬಿಸಿಲೇರಿದ ಮೇಲೆ ನಿಲ್ಲೋದಕ್ಕೂ ಕಾರಣ ಇದೆ. ಹಗಲು ಒರತೆಯ ಸುತ್ತಲಿನ ಮರಗಳು ನೀರು ಎಳೆಯುತ್ತವೆ, ರಾತ್ರಿ ಅದು ನಿಲ್ಲುತ್ತೆ. ಬೇಸಿಗೆ ಹತ್ತಿರವಾದಷ್ಟೂ ಬೆಳಗಿನ ಜಾವದ ಹರಿವಿಗೂ ಮಧ್ಯಾಹ್ನದ ಹರಿವಿಗೂ ವ್ಯತ್ಯಾಸ ಕಾಣುತ್ತೆ.

ಹಾಗಾಗಿ ದೊಡ್ಡ ಪೈಪು ಹಾಕಿದರೆ ಇನ್ನೂ ಬೇಗ ಹೀರುತ್ತೆ, ತೊಂದರೆ ಜಾಸ್ತಿಯೇ. ಒರತೆ ಅಗೆಯೋದನ್ನಂತೂ ದಯವಿಟ್ಟು ಮಾಡಬೇಡಿ. ಒರತೆ ಹೊರಗೆ ಬರೋದು ಅಡಿಯಲ್ಲಿ ಜೇಡಿಯೋ ಬಂಡೆಯೋ ನೀರನ್ನ ತಡೆದಿರೋದ್ರಿಂದ. ಹಾರೆ ಹಾಕಿ ಆ ಪದರ ಒಡೆದರೆ ಜಲ ಕೆಳಗಿಳಿದು ಬೇರೆಲ್ಲೋ ಎದ್ದುಬಿಡುತ್ತೆ, ಮತ್ತೆ ಹಳೇ ಜಾಗಕ್ಕೆ ತರೋಕಾಗಲ್ಲ.

ಮೊದಲು ಅಳೆಯಿರಿ. ಒರತೆಯ ಹತ್ತಿರ ಪೈಪು ತೆಗೆದು, ಪೂರ್ತಿ ನೀರು ಒಂದೇ ಕಡೆ ಬೀಳುವ ಹಾಗೆ ಅಡಿಕೆ ದಂಬೆ (ಸೀಳಿ ತೋಡಿದ ಅಡಿಕೆ ಮರ) ಇಟ್ಟು, 10 ಲೀಟರಿನ ಬಕೆಟ್ ತುಂಬೋಕೆ ಎಷ್ಟು ಸೆಕೆಂಡು ಅಂತ ನೋಡಿ. ಮಧ್ಯಾಹ್ನ ಮೂರು ಗಂಟೆಗೊಮ್ಮೆ, ಬೆಳಗಿನ ಜಾವ ಒಮ್ಮೆ. 60 ಸೆಕೆಂಡ್ ಅಂದ್ರೆ ನಿಮಿಷಕ್ಕೆ 10 ಲೀಟರ್, 80 ಸೆಕೆಂಡ್ ಅಂದ್ರೆ ಏಳೂವರೆ.

ಆಮೇಲೆ ಟ್ಯಾಂಕಿನ ಕಡೆಯ ಬಾಯಿಯನ್ನ ಕಿರಿದು ಮಾಡಿ, ಮಧ್ಯಾಹ್ನದ ಹರಿವಿಗಿಂತ ಸ್ವಲ್ಪ ಕಡಿಮೆಯೇ ಬೀಳುವ ಹಾಗೆ. ಗೇಟ್ ವಾಲಿನಲ್ಲೂ ಮಾಡಬಹುದು. ಆದರೆ ಅಷ್ಟು ಸಣ್ಣಗೆ ತೆರೆದ ವಾಲಿನ ಸಂದಿಯಲ್ಲಿ ಕಸ ಕೂರುತ್ತೆ, ಯಾರಾದರೂ ತಿರುಗಿಸಿದರೆ ಲೆಕ್ಕವೂ ತಪ್ಪುತ್ತೆ. ಅದಕ್ಕಿಂತ ಪೈಪಿನ ತುದಿಗೆ ಮುಚ್ಚಳ ಹಾಕಿ, ಅದಕ್ಕೆ ಡ್ರಿಲ್ಲಿನಿಂದ ತೂತು ಹೊಡೆಯೋದು ವಾಸಿ. ನಿಮ್ಮ 45 ಮೀಟರ್ ಒತ್ತಡಕ್ಕೆ 2 ಎಂ.ಎಂ. ತೂತಿನಲ್ಲಿ ನಿಮಿಷಕ್ಕೆ ಸುಮಾರು 3½ ಲೀಟರ್, 3 ಎಂ.ಎಂ.ನಲ್ಲಿ ಏಳೂವರೆ, 4 ಎಂ.ಎಂ.ನಲ್ಲಿ 13 ಲೀಟರ್ ಆಸುಪಾಸು ಬರುತ್ತೆ. ಮೂರು ಮುಚ್ಚಳ ಮಾಡಿಟ್ಟುಕೊಂಡು ಒರತೆ ಇಳಿದ ಹಾಗೆ ಬದಲಿಸ್ತಾ ಹೋಗಿ. ಧಾರೆ ಬಾಣದ ಹಾಗೆ ಹಾರುತ್ತೆ. ಮುಚ್ಚಳದ ಮುಖ ಟ್ಯಾಂಕಿನೊಳಗೆ ಕೆಳಕ್ಕೆ ಇರಲಿ, ಇಲ್ಲದಿದ್ದರೆ ಗೋಡೆ ಎಲ್ಲ ಒದ್ದೆ.

ಇಷ್ಟು ಸಣ್ಣ ಧಾರೆ ಸಾಕಾಗುತ್ತಾ ಅನ್ನಿಸಬಹುದು. ನಿಮಿಷಕ್ಕೆ 7 ಲೀಟರ್ ಅಂದ್ರೆ ಗಂಟೆಗೆ 420, ದಿನಕ್ಕೆ 10,000 ಲೀಟರಿಗೂ ಮೇಲೆ. 1000 ಲೀಟರ್ ಟ್ಯಾಂಕು ಎರಡೂವರೆ ಗಂಟೆಗೆ ತುಂಬುತ್ತೆ. ಐದು ಜನ, ಐದು ಜಾನುವಾರು, ಕೊಟ್ಟಿಗೆ ತೊಳೆಯೋದು ಎಲ್ಲ ಸೇರಿ ದಿನಕ್ಕೆ 1000-1200 ಲೀಟರ್ ಆದರೆ ಹೆಚ್ಚು. ಮಿಕ್ಕಿದ್ದನ್ನ ತೋಟಕ್ಕೆ ಬಿಡಿ.

ಸರಿಯಾಗಿದೆಯಾ ಅಂತ ತಿಳಿಯೋದು ಮೇಲಿನ ಗುಂಡಿ ನೋಡಿ. ನಡು ಮಧ್ಯಾಹ್ನವೂ ಅಲ್ಲಿ ಒಂದು ಎಳೆ ನೀರು ಹೊರಗೆ ಚೆಲ್ಲಿ ಹಳ್ಳಕ್ಕೆ ಹರೀತಾ ಇರಬೇಕು. ಅದು ನಿಂತಿದ್ದರೆ ನಿಮ್ಮ ತೂತು ದೊಡ್ಡದಾಯ್ತು.

ಕಾನುಮನೆ

ಮೇಲಿನವರು ಹೇಳಿದ್ದು ಒಪ್ಪುವಂಥದ್ದು. ಅಷ್ಟೆಲ್ಲ ಮಾಡುವ ಮೊದಲು ಗಾಳಿ ತೆಗೆಯೋಕೆ ಸುಲಭದ ದಾರಿ ಒಂದಿದೆ. ದಿಬ್ಬದ ನೆತ್ತಿಯಲ್ಲಿ ಪೈಪಿನ ಮೇಲ್ಮೈಗೆ ಕಾಯಿಸಿದ ಸಣ್ಣ ಮೊಳೆಯಿಂದ ತೂತು ಮಾಡಿ ಬಿಟ್ಟುಬಿಡಿ. ಗಾಳಿ ತಾನೇ ಹೋಗ್ತಿರುತ್ತೆ, ನಾಲ್ಕು ಹನಿ ನೀರು ಹೋದರೆ ನಷ್ಟ ಇಲ್ಲ. ನಮ್ಮ ಕಡೆ ಎಲ್ಲರೂ ಮಾಡೋದು ಹೀಗೇ.

ಒರತೆಯ ಬಾಯಿಗೆ ಜರಡಿ ಬಗ್ಗೆ ಯಾರೂ ಬರೀಲಿಲ್ಲ. ಎರಡಿಂಚಿನ ಪಿವಿಸಿ ಪೈಪು ಎರಡು ಅಡಿ ತಗೊಳ್ಳಿ, ಒಂದು ತುದಿ ಮುಚ್ಚಿ, ಸುತ್ತಲೂ 5 ಎಂ.ಎಂ.ನ ನೂರು ತೂತು ಹೊಡೆಯಿರಿ. ನೂರು ಯಾಕೆ ಅಂದ್ರೆ, ಅರ್ಧಕ್ಕರ್ಧ ಎಲೆ ಮುಚ್ಚಿದರೂ ಉಳಿದದ್ದರಿಂದ ಒಂದಿಂಚಿನ ಪೈಪಿಗೆ ಬೇಕಾದ್ದಕ್ಕಿಂತ ಹೆಚ್ಚೇ ನೀರು ಹೋಗುತ್ತೆ. ಮೇಲೆ ಸೊಳ್ಳೆಪರದೆ ಬಟ್ಟೆ ಎರಡು ಸುತ್ತು ಸುತ್ತಿ ನೈಲಾನ್ ದಾರದಿಂದ ಕಟ್ಟಿ. ತಳದಿಂದ ನಾಲ್ಕು ಬೆರಳು ಮೇಲಿರಲಿ, ಇಲ್ಲದಿದ್ದರೆ ಮರಳು ಹೋಗುತ್ತೆ. ಮೇಲೆ ಒಂದಡಿ ನೀರು ನಿಲ್ಲಬೇಕು, ಇಲ್ಲದಿದ್ದರೆ ಸುಳಿ ಏಳುತ್ತೆ. ಈಗ ಎಲೆ ಉದುರುವ ಕಾಲ, ವಾರಕ್ಕೊಮ್ಮೆ ಕೈಯಲ್ಲಿ ಸವರಿ ಬರಬೇಕು.

ದಂಬೆನೀರು

ಜರಡಿ ಬಗ್ಗೆ ಬರೆದದ್ದು ಬಹಳ ಉಪಕಾರ, ನನಗೆ ಬಿಟ್ಟುಹೋಗಿತ್ತು. ಆದರೆ ಮೊಳೆ ತೂತಿನ ವಿಷಯದಲ್ಲಿ ಒಂದು ಮಾತು ಸೇರಿಸಲೇಬೇಕು, ಯಾಕಂದ್ರೆ ಇದರಿಂದ ಎಷ್ಟೋ ಲೈನು ಕೆಟ್ಟಿವೆ.

ಕೆಳಗಿನ ಬಾಯಿ ಪೂರ್ತಿ ತೆರೆದಿರುವಾಗ ಕೆಲವು ದಿಬ್ಬದ ನೆತ್ತಿಯಲ್ಲಿ ಪೈಪಿನೊಳಗೆ ಒತ್ತಡ ಇರಲ್ಲ, ಎಳೆತ ಇರುತ್ತೆ. ಅಂಥ ಕಡೆ ತೂತು ಮಾಡಿದರೆ ಗಾಳಿ ಹೊರಗೆ ಹೋಗೋ ಬದಲು ಒಳಗೆ ಬರುತ್ತೆ. ತೂತಿನ ಮೇಲೆ ಒದ್ದೆ ಎಲೆ ಇಟ್ಟು ನೋಡಿ. ಎಲೆ ಮೇಲೆದ್ದು ನೀರು ಚಿಮ್ಮಿದರೆ ಒತ್ತಡ, ಎಲೆ ಕಚ್ಚಿಕೊಂಡರೆ ಎಳೆತ. ಕಚ್ಚಿಕೊಂಡರೆ ತಕ್ಷಣ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ, ಮೇಲೆ ಕ್ಲಿಪ್ ಬಿಗಿದು ಮುಚ್ಚಿ. ಇನ್ನು ಕೆಳಗೆ ಕಿರಿದು ಮಾಡಿದ ಮೇಲೆ ಎಲ್ಲ ಕಡೆಯೂ ಒತ್ತಡ ಏರುತ್ತೆ, ಆಗ ಅದೇ ಮೊಳೆ ತೂತು ಹಗಲು ರಾತ್ರಿ ಕಾರಂಜಿ. ತೆರೆದ ಕೊಳವೆ ನೆಟ್ಟು ಗಾಳಿ ಬಿಡಿಸೋದೂ ಇದೇ ಕಾರಣಕ್ಕೆ ನಡೆಯಲ್ಲ. ಒರತೆಯಷ್ಟೇ ಎತ್ತರಕ್ಕೆ ನೆಟ್ಟರೆ ಮಾತ್ರ ನಿಲ್ಲುತ್ತೆ.

ಎರಡು ದಿಬ್ಬಕ್ಕೂ ಒಂದೊಂದು ಟೀ (ಮೂರು ಬಾಯಿಯ ಜಾಯಿಂಟು), ಅದಕ್ಕೆ ಅರ್ಧ ಇಂಚಿನ ಕಾಕ್ ಹಾಕಿ. ಖರ್ಚು ಸಣ್ಣದು, ಶಾಶ್ವತ ಕೆಲಸ. ಲೈನು ತುಂಬುವ ಕ್ರಮ ಹೀಗೆ: ಕೆಳಗೆ 3 ಎಂ.ಎಂ. ಮುಚ್ಚಳ ಹಾಕಿ, ಎರಡೂ ಕಾಕ್ ತೆಗೆದಿಟ್ಟು, ಆಮೇಲೆ ಮೇಲೆ ಪೈಪನ್ನ ನೀರಿಗೆ ಮುಳುಗಿಸಿ. ಮೊದಲ ದಿಬ್ಬದ ಕಾಕಿನಲ್ಲಿ ಮೊದಲು ಗಾಳಿ, ಆಮೇಲೆ ಹಾಲಿನ ಹಾಗೆ ಬಿಳಿ ನೀರು, ಕೊನೆಗೆ ತಿಳಿನೀರು ಬರುತ್ತೆ. ತಿಳಿನೀರು ಬಂದ ಮೇಲೆಯೇ ಮುಚ್ಚಿ, ಬಿಳಿ ನೀರಿನಲ್ಲಿ ಇನ್ನೂ ಗಾಳಿ ಇರುತ್ತೆ. ಆಮೇಲೆ ಎರಡನೆಯದು. ಅವಸರ ಮಾಡಬೇಡಿ. 600 ಮೀಟರ್ ಪೈಪಿನ ಹೊಟ್ಟೆಗೇ 340 ಲೀಟರ್ ಹಿಡಿಯುತ್ತೆ. ನಿಮಿಷಕ್ಕೆ 8 ಲೀಟರ್ ಒರತೆಯಾದರೆ ತುಂಬೋಕೇ ಮುಕ್ಕಾಲು ಗಂಟೆ ಬೇಕು. ಹತ್ತು ನಿಮಿಷಕ್ಕೆ ನೀರು ಬರ್ಲಿಲ್ಲ ಅಂತ ಪೈಪು ಬಿಚ್ಚಿದರೆ ಮತ್ತೆ ಮೊದಲಿಂದ.

ಒಂದು ಎಚ್ಚರಿಕೆ: ಬಾಯಿ ತೆರೆದಿದ್ದಾಗ ಇಲ್ಲದ ಒತ್ತಡ ಈಗ ಪೈಪಿನ ಮೇಲೆ ಬೀಳುತ್ತೆ. ಒರತೆಗಿಂತ ಪ್ರತಿ 10 ಮೀಟರ್ ಕೆಳಗಿಳಿದರೆ 1 ಕೆ.ಜಿ. ಒತ್ತಡ. ಪೈಪಿನ ಮೇಲೆ ಪಿಎನ್ 4, ಪಿಎನ್ 6 ಅಂತ ಅಚ್ಚಾಗಿರುತ್ತೆ, ಅದು ಎಷ್ಟು ಕೆ.ಜಿ. ತಡೆಯುತ್ತೆ ಅನ್ನೋ ಅಂಕಿ, ಓದಿ ಬರೆಯಿರಿ. ಪಿಎನ್ 4 ಆಗಿದ್ದರೆ ಟ್ಯಾಂಕಿನ ಹತ್ತಿರ ತಡೆಯಲ್ಲ.

ಹಟ್ಟಿಯ ಅಕ್ಕ

ಗೋಬರ್ ಗ್ಯಾಸಿಗೆ. ಉರಿ ಹಾರಿ ಹಾರಿ ಉರಿಯೋದು ಗ್ಯಾಸ್ ಕಡಿಮೆ ಆಗಿದ್ದಕ್ಕಲ್ಲ, ಪೈಪಿನಲ್ಲಿ ನೀರು ನಿಂತಿದ್ದಕ್ಕೆ. ಗುಂಡಿಯಿಂದ ಬರುವ ಗ್ಯಾಸಿನಲ್ಲಿ ಹಬೆ ಇರುತ್ತೆ, ರಾತ್ರಿ ಚಳಿಗೆ ಅದು ಪೈಪಿನೊಳಗೆ ನೀರಾಗುತ್ತೆ. ಗುಮ್ಮಟಕ್ಕೂ ಒಲೆಗೂ ನಡುವೆ ಅತಿ ತಗ್ಗಿನ ಜಾಗದಲ್ಲಿ ನೀರು ಬಿಡುವ ಕಾಕ್ ಇದ್ದೇ ಇರಬೇಕು. ಚಳಿಗಾಲದಲ್ಲಿ ಎರಡು ದಿನಕ್ಕೊಮ್ಮೆ ಬಿಡಿ, ಹತ್ತಿರ ಬೆಂಕಿ, ಬೀಡಿ ಏನೂ ಬೇಡ. ಕಾಕ್ ಇದ್ದೂ ಉರಿ ಹಾರಿದರೆ ಪೈಪು ಎಲ್ಲೋ ಜೋತುಬಿದ್ದಿದೆ. ಅಲ್ಲೊಂದು ಕವೆಗೂಟ ಕೊಟ್ಟು ಎತ್ತಿ, ನೀರು ಕಾಕಿನ ಕಡೆಗೇ ಇಳಿಯಬೇಕು.

ಉರಿ ಸಣ್ಣ ಆಗಿರೋದು ಬೇರೆ ವಿಷಯ. 2 ಘನ ಮೀಟರಿಗೆ ದಿನಕ್ಕೆ 50 ಕೆ.ಜಿ. ಸಗಣಿ ಬೇಕು. ಜರ್ಸಿ ಮಿಶ್ರ ಮೂರು ಕೊಟ್ಟಿಗೆಯಲ್ಲೇ ಇದ್ದರೆ ತಲಾ 15 ಅಂತ ಹಿಡಿದರೂ ಸರಿಸುಮಾರು ಆಗುತ್ತೆ. ಗಿಡ್ಡದವು ಹಗಲು ಮೇಯೋಕೆ ಹೋಗ್ತವೆ, ರಾತ್ರಿಯದ್ದಷ್ಟೇ ಸಿಗೋದು. ಒಂದು ದಿನ ತೂಗಿ ನೋಡಿ. ಒಣಹುಲ್ಲು ಹೆಚ್ಚಾದ ಈ ದಿನಗಳಲ್ಲಿ ಸಗಣಿ ಗಟ್ಟಿ ಇರುತ್ತೆ, ಒಂದು ಬುಟ್ಟಿಗೆ ಒಂದು ಬುಟ್ಟಿ ನೀರು ಅನ್ನೋ ಲೆಕ್ಕಕ್ಕೆ ಇನ್ನೂ ಸ್ವಲ್ಪ ಸೇರಿಸಿ, ದೋಸೆ ಹಿಟ್ಟಿನ ಹದಕ್ಕೆ ಬರಬೇಕು. ಹುಲ್ಲುಕಡ್ಡಿ ಆರಿಸಿ ತೆಗೆಯಿರಿ, ಅದೇ ಮೇಲೆ ತೇಲಿ ಕೆನೆ ಕಟ್ಟೋದು.

ಚಳಿಗೆ ಮಾಡಬೇಕಾದ್ದು: ಬೆಳಿಗ್ಗೆ ಆರಕ್ಕೆ ತಣ್ಣೀರಿನಲ್ಲಿ ಕಲಸಿ ಬಿಡೋದನ್ನ ನಿಲ್ಲಿಸಿ. ಸಗಣಿ ಕಲಸುವ ತೊಟ್ಟಿಯಲ್ಲಿ ಬಿಸಿಲಿಗೆ ಬಿಟ್ಟು, ಮಧ್ಯಾಹ್ನ ಎರಡರ ಹೊತ್ತಿಗೆ ಬೆಚ್ಚಗಾದ ಮೇಲೆ ಒಳಗೆ ಬಿಡಿ. ಒಳಗಿನ ಸೂಕ್ಷ್ಮಜೀವಿಗೆ 30-35 ಡಿಗ್ರಿ ಹಿತ, 20ಕ್ಕಿಂತ ಕೆಳಗೆ ಹೋದರೆ ಕೆಲಸ ನಿಧಾನ. ಹಂಡೆಯ ಕುದಿನೀರು ಸುರಿಯೋದೂ ತಪ್ಪು. ಗುಮ್ಮಟದ ಮೇಲೆ ಒಂದಡಿ ಅಡಿಕೆ ಸೋಗೆಯೋ ಹುಲ್ಲೋ ಹೊದಿಸಿ. ಶಿವರಾತ್ರಿ ಕಳೆದ ಮೇಲೆ ತೆಗೆದುಬಿಡಿ, ಬಿಸಿಲು ಬೀಳಲಿ.

ಗುಂಡಿಗೆ ಹೋಗಲೇಬಾರದ್ದು ಎರಡು: ಅಡಿಕೆ ಬೇಯಿಸಿದ ಚೊಗರು, ಕೊಟ್ಟಿಗೆ ತೊಳೆದ ಫಿನಾಯಿಲ್ ನೀರು. ಸುಗ್ಗಿ ಸಮಯದಲ್ಲಿ ಚೊಗರಿನ ಕಾಲುವೆ ಕೊಟ್ಟಿಗೆ ಕಾಲುವೆಗೆ ಸೇರಿರುತ್ತೆ, ಒಮ್ಮೆ ನೋಡಿ.

ಮಲೆಸೀಮೆ

ದರಗಿನ ವಿಷಯ ಹಗುರ ಮಾಡಬೇಡಿ. ಮಂಗನ ಕಾಯಿಲೆ ಮೊದಲು ಗೊತ್ತಾಗಿದ್ದು 1957ರಲ್ಲಿ, ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಹಬ್ಬಿಸೋದು ಉಣುಗು (ಉಣ್ಣೆ ಹುಳ). ಡಿಸೆಂಬರಿನಿಂದ ಮೇ ತನಕ ಅದರ ಮರಿಗಳು ದರಗಿನಲ್ಲೇ ಇರುತ್ತವೆ. ಎಳ್ಳಿನ ಕಾಳಿಗಿಂತ ಸಣ್ಣ, ಕಣ್ಣಿಗೆ ಬೀಳೋದು ಕಷ್ಟ. ದರಗು ಹೊತ್ತು ತಂದು ಕೊಟ್ಟಿಗೆಯಲ್ಲಿ ಹಾಸೋದು ಅಂದ್ರೆ ಉಣುಗನ್ನ ಮನೆಬಾಗಿಲಿಗೆ ತಂದ ಹಾಗೆ. ಈ ತಿಂಗಳುಗಳಲ್ಲಿ ಕೊಟ್ಟಿಗೆಗೆ ಅಡಿಕೆ ಸೋಗೆ ಕತ್ತರಿಸಿ ಹಾಕಿ, ಅಡಿಕೆ ಸಿಪ್ಪೆ ಒಣಗಿದ್ದರೆ ಅದೂ ಆಗುತ್ತೆ.

ಒರತೆಗೆ ಹೋಗಲೇಬೇಕಲ್ಲ. ಉಣುಗು ಹತ್ತದ ಹಾಗೆ ಆರೋಗ್ಯ ಇಲಾಖೆಯವರು ಕೊಡುವ ಡೆಪಾ ಎಣ್ಣೆಯನ್ನ ಆಶಾ ಕಾರ್ಯಕರ್ತೆಯರ ಹತ್ತಿರ ಕೇಳಿ, ಕೈಕಾಲಿಗೆ ಹಚ್ಚಿ ಹೋಗಿ. ಉದ್ದ ಪ್ಯಾಂಟು, ಪ್ಯಾಂಟಿನ ಮೇಲೆ ಕಾಲುಚೀಲ ಎಳೆದುಕೊಳ್ಳಿ. ದರಗಿನ ಮೇಲೆ ಕೂರಬೇಡಿ. ಬಂದ ತಕ್ಷಣ ಬಟ್ಟೆ ಬಿಸಿನೀರಿಗೆ, ಸೋಪು ಹಚ್ಚಿ ಬಿಸಿನೀರು ಸ್ನಾನ. ಕಚ್ಚಿಕೊಂಡ ಉಣುಗನ್ನ ಬೆರಳಲ್ಲಿ ಹಿಚುಕಬಾರದು, ಚಿಮಟದಲ್ಲಿ ಚರ್ಮದ ಹತ್ತಿರ ಹಿಡಿದು ನೇರಕ್ಕೆ ಎಳೆಯಬೇಕು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಕಾಡಿಗೆ ಹೋಗಿ ಬಂದ ಎಂಟ್ಹತ್ತು ದಿನದೊಳಗೆ ಏಕಾಏಕಿ ಜ್ವರ, ಹಣೆಯ ತಲೆನೋವು, ಮೈಕೈ ಸೆಳೆತ ಬಂದರೆ ಕಾಯಬೇಡಿ, ಅವತ್ತೇ ಹೋಗಿ ರಕ್ತ ಪರೀಕ್ಷೆ ಮಾಡಿಸಿ. ಮನೆಯಲ್ಲಿರುವ ನೋವಿನ ಮಾತ್ರೆ ನುಂಗಬೇಡಿ, ಈ ಕಾಯಿಲೆಯಲ್ಲಿ ರಕ್ತಸ್ರಾವದ ಅಪಾಯ ಇದೆ. 4 ಕಿ.ಮೀ. ಒಳಗಿರುವ ಮನೆಯಲ್ಲಿ ಜೀಪಿನವರ ನಂಬರು ಗೋಡೆ ಮೇಲೆ ಬರೆದಿರಲಿ.

ಬೆಂಕಿಯ ಬಗ್ಗೆಯೂ ಒಂದು ಮಾತು. ಕರಿ ಪೈಪು ದರಗಿನ ಮೇಲೆ ಬಿದ್ದಿದ್ದರೆ ಮಾರ್ಚಿನ ಒಂದು ನೆಲಬೆಂಕಿ ಸಾಕು, ನೂರು ಮೀಟರ್ ಕರಗಿ ಹೋಗುತ್ತೆ. ಒಂದಡಿ ಹೂತರೆ ಬೆಂಕಿ, ಕಾಡುಹಂದಿ, ಬಿಸಿಲು ಮೂರರಿಂದಲೂ ಪಾರು. ಬಂಡೆ ಇರುವ ಕಡೆ ಮಣ್ಣು ಏರಿಸಿ ಕಲ್ಲು ಇಡಿ. ಮನೆ, ಕೊಟ್ಟಿಗೆ, ಹುಲ್ಲಿನ ಬಣವೆ ಸುತ್ತ 10-12 ಅಡಿ ಕೆರೆದು ನೆಲ ಕಾಣುವ ಹಾಗೆ ಇಟ್ಟುಕೊಳ್ಳಿ. ಕೆರೆದ ಕಸ ಅಲ್ಲೇ ಸುಡಬೇಡಿ, ಗೊಬ್ಬರ ಗುಂಡಿಗೆ ಹಾಕಿ.

ಘಟ್ಟದಂಚು

ಎಲ್ಲರಿಗೂ ಧನ್ಯವಾದ. ಅಳೆದೆ. ಮಧ್ಯಾಹ್ನ ಮೂರಕ್ಕೆ 10 ಲೀಟರಿಗೆ 72 ಸೆಕೆಂಡ್, ಬೆಳಗಿನ ಜಾವ ಐದಕ್ಕೆ 54. ಸುಳಿ ಇರೋದು ನಿಜ. ಪೈಪಿನ ಮೇಲಿನ 200 ಮೀಟರ್ ಹಳೇದು, ಪಿಎನ್ 4. ಕೆಳಗಿನ 400 ಮೀಟರ್ ಪಿಎನ್ 6. ಮೇಲಿನ ತುಂಡು ಮುಗಿಯುವ ಜಾಗ ಒರತೆಗಿಂತ 20 ಮೀಟರ್ ಕೆಳಗೆ. ಎರಡನೇ ದಿಬ್ಬದ ಮೊದಲು ಹಳ್ಳ ದಾಟುವ ಕಡೆ ಪೈಪು ಟ್ಯಾಂಕಿಗಿಂತಲೂ 12 ಮೀಟರ್ ತಗ್ಗಿನಲ್ಲಿದೆ. ಗೋಬರ್ ಗ್ಯಾಸಿನ ಕಾಕಿನಲ್ಲಿ ಒಂದು ಚೊಂಬು ನೀರು ಬಂತು, ಉರಿ ಹಾರೋದು ನಿಂತಿದೆ.

ದಂಬೆನೀರು

72 ಸೆಕೆಂಡ್ ಅಂದ್ರೆ ನಿಮಿಷಕ್ಕೆ 8.3 ಲೀಟರ್. 3 ಎಂ.ಎಂ. ಮುಚ್ಚಳ ಸರಿಹೋಗುತ್ತೆ. ತಿಂಗಳಿಗೆರಡು ಸಲ ಅಳೆಯಿರಿ, 80 ಸೆಕೆಂಡ್ ಹತ್ತಿರ ಬಂದ ದಿನ 2 ಎಂ.ಎಂ.ಗೆ ಇಳಿಸಿ. ಆಗಲೂ ದಿನಕ್ಕೆ 5000 ಲೀಟರ್ ಹತ್ತಿರ ಬರುತ್ತೆ, ಮನೆಗೆ ಧಾರಾಳ, ತೋಟಕ್ಕೆ ಮಾತ್ರ ಕಷ್ಟ.

ಪಿಎನ್ 4 ತುಂಡು ಇರಲಿ. ಅಲ್ಲಿ ಬೀಳೋದು ಹೆಚ್ಚೆಂದರೆ 2 ಕೆ.ಜಿ. ಉದ್ದ ಎಷ್ಟು ಅನ್ನೋದು ಮುಖ್ಯ ಅಲ್ಲ, ಒರತೆಗಿಂತ ಎಷ್ಟು ಕೆಳಗೆ ಅನ್ನೋದೇ ಲೆಕ್ಕ. ಹಳ್ಳದ ಹತ್ತಿರ ಮಾತ್ರ ನೋಡಿ: 45ಕ್ಕೆ 12 ಸೇರಿದರೆ 57 ಮೀಟರ್, 5.7 ಕೆ.ಜಿ. ಪಿಎನ್ 6 ಪೈಪಿಗೆ ಅದು ಅಂಚಿನ ಮೇಲೆ ನಡೆದ ಹಾಗೆ. ಕರಿ ಪೈಪು ಬಿಸಿಲಿಗೆ ಕಾದರೆ ತಾಕತ್ತು ಇನ್ನೂ ಇಳಿಯುತ್ತೆ, ಹಳ್ಳದ ಮೇಲೆ ಹೂಳೋಕೂ ಆಗಲ್ಲ. ಅಲ್ಲಿ ಎರಡೂ ದಂಡೆಗೆ ಸೇರಿ 30-40 ಮೀಟರ್ ಪಿಎನ್ 10 ಹಾಕಿ. ಜೋಡಿಸುವಾಗ ಪೈಪಿನ ತುದಿಯನ್ನ ಎರಡು ನಿಮಿಷ ಕುದಿನೀರಿನಲ್ಲಿ ಅದ್ದಿ ಮೆತ್ತಗೆ ಮಾಡಿ, ಜಾಯಿಂಟನ್ನ ಪೂರ್ತಿ ಒಳಗೆ ಕೂರಿಸಿ. ಒಂದೊಂದು ಕಡೆಗೆ ಎರಡೆರಡು ಕ್ಲಿಪ್, ಸ್ಕ್ರೂಗಳ ಮುಖ ಎದುರುಬದುರು ಇರಲಿ. ತಂತಿ ಸುತ್ತಿ ಬಿಗಿದದ್ದು ಈ ಒತ್ತಡಕ್ಕೆ ನಿಲ್ಲಲ್ಲ, ತಂತಿ ಪೈಪನ್ನೇ ಕೊಯ್ಯುತ್ತೆ.

ಹಳ್ಳದ ತಗ್ಗಿನಲ್ಲಿ ಒಂದು ಟೀ ಕೆಳಮುಖವಾಗಿ ಹಾಕಿ ಕಾಕ್ ಇಡಿ. ಮರಳು, ಹೂಳು ಬಂದು ಕೂರೋದು ಅಲ್ಲೇ. ತಿಂಗಳಿಗೊಮ್ಮೆ ಎರಡು ನಿಮಿಷ ಬಿಟ್ಟರೆ ತೊಳೆದುಹೋಗುತ್ತೆ. ಬಿಟ್ಟ ಮೇಲೆ ಎರಡು ದಿಬ್ಬದ ಕಾಕಿನಲ್ಲೂ ಮತ್ತೆ ಗಾಳಿ ತೆಗೆಯೋದು ಮರೀಬೇಡಿ. ಮನೆಯಲ್ಲಿ ಎರಡು ಜಾಯಿಂಟು, ಎಂಟು ಕ್ಲಿಪ್, 5 ಮೀಟರ್ ಪೈಪು, ಒಂದು ಸೈಕಲ್ ಟ್ಯೂಬು ಯಾವಾಗಲೂ ಇರಲಿ. ನಿಮ್ಮ ದಾರಿಯಲ್ಲಿ ಅಂಗಡಿಗೆ ಹೋಗಿ ಬರೋದು ಅಂದ್ರೆ ಒಂದು ದಿನದ ನೀರು ಹೋದ ಹಾಗೆ.